ಪೇಢಿಯಿಂದ ತರಗತಿಗೆ: ಮುಂಬೈ ಕಲಿತ ವಾಣಿಜ್ಯ

1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದಾಗ ಮುಂಬೈನ ಹತ್ತಿ ವ್ಯಾಪಾರಿಗಳು ಕಂಗಾಲಾದರು. ನಾಲ್ಕು ವರ್ಷಗಳ ಕಾಲ ಅಮೆರಿಕದ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸರಿಯಾಗಿ ತಲುಪದೆ ಭಾರತದ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂದಿತ್ತು. ಲಾಭದ ಹಣ ಷೇರುಗಳಿಗೂ, ಸಮುದ್ರ ತುಂಬಿ ನೆಲ ಮಾಡುವ ಕಂಪನಿಗಳಿಗೂ ಹರಿದಿತ್ತು. ಯುದ್ಧ ನಿಂತಿತು, ಬೆಲೆ ಬಿತ್ತು, ದೊಡ್ಡ ದೊಡ್ಡ ಮನೆತನಗಳು ದಿವಾಳಿಯಾದವು.

ಎಲ್ಲೋ ನಡೆದ ಯುದ್ಧಕ್ಕೂ ಇಲ್ಲಿನ ಲೆಕ್ಕದ ಪುಸ್ತಕಕ್ಕೂ ಇರುವ ಈ ನಂಟನ್ನು ಕಲಿಸುವ ಕಾಲೇಜು ಆಗ ಇರಲಿಲ್ಲ. ಹುಂಡಿ ಬರೆಯುವುದು, ಬಡ್ಡಿ ಹಾಕುವುದು, ಸರಕಿನ ಗುಣ ನೋಡುವುದು ಎಲ್ಲವನ್ನೂ ಹುಡುಗರು ಪೇಢಿಯಲ್ಲಿ ಕೂತು ಕಲಿಯುತ್ತಿದ್ದರು. ಅಪ್ಪನಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಇಳಿದು ಬರುತ್ತಿದ್ದ ವಿದ್ಯೆ ಅದು. ಹೊರಗಿನವರಿಗೆ ಆ ಗಾದಿಯ ಮೇಲೆ ಜಾಗ ಸಿಗುವುದು ಸುಲಭವಿರಲಿಲ್ಲ.

1913ರಲ್ಲಿ ಮುಂಬೈನಲ್ಲಿ ಸಿಡನ್‌ಹ್ಯಾಮ್ ವಾಣಿಜ್ಯ ಮತ್ತು ಅರ್ಥಶಾಸ್ತ್ರ ಕಾಲೇಜು ಆರಂಭವಾಯಿತು. ಏಷ್ಯಾದ ಮೊದಲ ವಾಣಿಜ್ಯ ಕಾಲೇಜು ಎಂಬ ಹೆಸರು ಅದಕ್ಕಿದೆ. ಲೆಕ್ಕಶಾಸ್ತ್ರ, ಬ್ಯಾಂಕಿಂಗ್, ಅರ್ಥಶಾಸ್ತ್ರಗಳು ಪರೀಕ್ಷೆ ಬರೆದು ಪದವಿ ಪಡೆಯುವ ವಿಷಯಗಳಾದವು. ವ್ಯಾಪಾರಿಯ ಮಗನಲ್ಲದವನೂ ಈ ವಿದ್ಯೆಗೆ ಅರ್ಜಿ ಹಾಕಬಹುದಿತ್ತು.

ಆ ಬಾಗಿಲು ಎಷ್ಟು ತೆರೆದಿತ್ತು ಎಂಬುದಕ್ಕೆ ಅಲ್ಲಿಯ ಒಬ್ಬ ಪ್ರಾಧ್ಯಾಪಕರೇ ಸಾಕ್ಷಿ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ ಬಂದಿದ್ದ ಬಿ. ಆರ್. ಅಂಬೇಡ್ಕರ್ ಷೇರು ವ್ಯವಹಾರದವರಿಗೆ ಸಲಹೆ ಕೊಡುವ ಕಚೇರಿ ತೆರೆದಿದ್ದರು. ಅವರ ಜಾತಿ ತಿಳಿದ ಮೇಲೆ ಗಿರಾಕಿಗಳು ಬರುವುದು ನಿಂತಿತು. 1918ರ ನವೆಂಬರಿನಲ್ಲಿ ಅವರು ಸಿಡನ್‌ಹ್ಯಾಮ್ ಸೇರಿದರು. ವಿದ್ಯಾರ್ಥಿಗಳು ಅವರ ಪಾಠವನ್ನು ಮೆಚ್ಚಿದರು. ಆದರೆ ಅಧ್ಯಾಪಕರಿಗೆಂದು ಇಟ್ಟಿದ್ದ ನೀರನ್ನು ಅವರು ಮುಟ್ಟುವುದಕ್ಕೆ ಸಹೋದ್ಯೋಗಿಗಳಿಂದಲೇ ಆಕ್ಷೇಪ ಬಂತು.

ಸಂಬಳದಲ್ಲಿ ಉಳಿಸಿದ್ದು, ಗೆಳೆಯನಿಂದ ತಂದ ಸಾಲ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಇಷ್ಟನ್ನು ಕೂಡಿಸಿಕೊಂಡು ಅಂಬೇಡ್ಕರ್ 1920ರಲ್ಲಿ ಲಂಡನ್ನಿಗೆ ಮರಳಿದರು. ಅಲ್ಲಿ ಬರೆದ ಪ್ರಬಂಧ 1923ರಲ್ಲಿ ‘ದಿ ಪ್ರಾಬ್ಲಮ್ ಆಫ್ ದಿ ರುಪೀ’ ಎಂಬ ಪುಸ್ತಕವಾಯಿತು. ರೂಪಾಯಿ ಬೆಳ್ಳಿಯದು, ಪೌಂಡು ಚಿನ್ನದ್ದು. ಬೆಳ್ಳಿಯ ಬೆಲೆ ಇಳಿದಂತೆ ಲಂಡನ್ನಿನಲ್ಲಿ ಅದೇ ಪೌಂಡು ಕಟ್ಟಲು ಭಾರತ ಹೆಚ್ಚು ರೂಪಾಯಿ ಕೊಡಬೇಕಾಗುತ್ತಿತ್ತು. ಸರಕಾರ ಇದಕ್ಕೆ ಹುಡುಕಿದ ವಿನಿಮಯ ವ್ಯವಸ್ಥೆಯನ್ನು ಕೇನ್ಸ್ ಸಮರ್ಥಿಸಿದ್ದರು. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ನಾಣ್ಯ ಹೊರಡಿಸುವ ಅಧಿಕಾರ ಸರಕಾರದ ಇಷ್ಟಕ್ಕೆ ಬಿಟ್ಟರೆ ಬೆಲೆ ಏರಿ ಬಡವರಿಗೇ ಪೆಟ್ಟು ಬೀಳುತ್ತದೆ ಎಂಬುದು ಅವರ ಚಿಂತೆ.

ಕಾಲೇಜಿನ ಮೆಟ್ಟಿಲು ಹತ್ತಲು ಜಾತಿಯಷ್ಟೇ ಅಲ್ಲ, ಹೊತ್ತೂ ಅಡ್ಡ ಬರುತ್ತಿತ್ತು. ಕರಾವಳಿಯಿಂದ ಮುಂಬೈಗೆ ಬಂದ ಹುಡುಗರು ಹಗಲೆಲ್ಲ ದುಡಿಯಬೇಕಿತ್ತು. ಅವರಿಗಾಗಿ ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲೇ ಉಚಿತ ರಾತ್ರಿ ಶಾಲೆ ತೆರೆದಿತ್ತು. ಇಂಥ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಹೋಟೆಲ್ ಮಾಣಿಗಳು ಮುಂದೆ ಗುಮಾಸ್ತರೂ ಹೋಟೆಲ್ ಮಾಲೀಕರೂ ಆದರು.

1965ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ಸಹಕಾರದಿಂದ ಮುಂಬೈ ವಿಶ್ವವಿದ್ಯಾಲಯ ಜಮ್ನಾಲಾಲ್ ಬಜಾಜ್ ಮ್ಯಾನೇಜ್‌ಮೆಂಟ್ ಸಂಸ್ಥೆಯನ್ನು ಕಟ್ಟಿತು. ಅದಕ್ಕೂ 12 ವರ್ಷ ಮೊದಲು, 1953ರಲ್ಲಿ, ಫೋರ್ಟಿನಲ್ಲಿ ಇನ್ನೊಂದು ವಾಣಿಜ್ಯ ಕಾಲೇಜು ಆರಂಭವಾಗಿತ್ತು. ಅದರ ಹೆಸರು ಸಿದ್ಧಾರ್ಥ. ಸ್ಥಾಪಿಸಿದವರು ಅಂಬೇಡ್ಕರ್.