ಹೊಸ ಟರ್ಬೊ ಕಾರು ಏರಿನಲ್ಲಿ ಏದುಸಿರು ಬಿಡುತ್ತಿದೆಯೇ?

ಸಂಪಾಜೆ ಘಾಟಿಯ ಏರಿನಲ್ಲಿ ಲಾರಿಯೊಂದನ್ನು ಹಿಂದಿಕ್ಕಲು ಬಲಕ್ಕೆ ಹೊರಳಿ ಆಕ್ಸಿಲರೇಟರ್ ಅದುಮಿದ್ದೀರಿ. ಕಾರು ಮುನ್ನುಗ್ಗುವ ಬದಲು ತೆವಳುತ್ತದೆ. ಎದುರಿನ ತಿರುವಿನಲ್ಲಿ ಬಸ್ಸಿನ ಮುಖ ಕಾಣಿಸುತ್ತದೆ. ಆ ಎರಡು ಮೂರು ಸೆಕೆಂಡುಗಳ ಬೆಲೆ ಎಷ್ಟೆಂಬುದು ಘಾಟಿಯಲ್ಲಿ ವಾಹನ ಓಡಿಸಿದವರಿಗೆಲ್ಲ ಗೊತ್ತು. ಕೊಂಡು ವರ್ಷವೂ ತುಂಬದ ಕಾರಿನಲ್ಲಿ ಹೀಗಾದಾಗ ಮಾಲೀಕರಿಗೆ ಎರಡು ಬಗೆಯ ಉತ್ತರ ದೊರೆಯುವುದು ವಾಡಿಕೆ. ಸರ್ವಿಸ್ ಕೇಂದ್ರದವರು ‘ಟರ್ಬೊ ಗಾಡಿಗಳೆಲ್ಲ ಹೀಗೇ ಸರ್’ ಎನ್ನುತ್ತಾರೆ. ಬಲ್ಲವರೆನಿಸಿಕೊಂಡ ಸ್ನೇಹಿತರು ‘ಟರ್ಬೊ ಹೋಗಿದೆ’ ಎಂದು ತೀರ್ಪು ನೀಡುತ್ತಾರೆ. ಇವೆರಡೂ ಪರೀಕ್ಷೆಗೆ ಮೊದಲೇ ಹೇಳಿದ ಮಾತುಗಳು. ಹೊಸ ಕಾರಿನಲ್ಲಿ ಟರ್ಬೊ ಘಟಕವೇ ಕೆಟ್ಟಿರುವ ಸಂಭವ ಕಡಿಮೆ. ದೋಷ ಹೆಚ್ಚಾಗಿ ಅದರ ಸುತ್ತಲಿನ ಕೊಳವೆ, ವಾಲ್ವ್ ಅಥವಾ ಸೆನ್ಸರ್‌ಗಳಲ್ಲಿ ಅಡಗಿರುತ್ತದೆ.

ಎಂಜಿನ್ ಹೊರಹಾಕುವ ಬಿಸಿ ಹೊಗೆಯ ರಭಸದಿಂದ ಒಂದು ಚಕ್ರ ತಿರುಗುತ್ತದೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ ಸಿಕ್ಕಿದರೆ ಹೆಚ್ಚು ಇಂಧನವನ್ನು ಉರಿಸಬಹುದು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಷಿ 1905ರಲ್ಲಿ ಪೇಟೆಂಟ್ ಪಡೆದ ತತ್ತ್ವವೇ ಇಂದಿನ 1 ಲೀಟರಿನ ಪುಟ್ಟ ಎಂಜಿನ್ನುಗಳಲ್ಲೂ ಕೆಲಸ ಮಾಡುತ್ತಿದೆ. 4 ಮೀಟರಿಗಿಂತ ಉದ್ದವಿಲ್ಲದ, 1200 ಸಿಸಿ ಮೀರದ ಪೆಟ್ರೋಲ್ ಕಾರುಗಳಿಗೆ ತೆರಿಗೆ ಕಡಿಮೆ. ಆದ್ದರಿಂದ ನಮ್ಮ ದೇಶದಲ್ಲಿ ಚಿಕ್ಕ ಎಂಜಿನ್ನಿಗೆ ಟರ್ಬೊ ಕೂಡಿಸುವ ಪದ್ಧತಿ ಬೇಗ ಬೇರೂರಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಸುಮಾರು 1500 ಆರ್‌ಪಿಎಂಗಿಂತ ಕೆಳಗೆ ಹೊಗೆಯ ರಭಸ ಸಾಲದು, ಒತ್ತಡ ಹುಟ್ಟದು. ಆಗ ನಿಮ್ಮ ಕೈಯಲ್ಲಿರುವುದು ಬರಿಯ 1 ಲೀಟರಿನ ಎಂಜಿನ್. ಎತ್ತರದ ಊರುಗಳಲ್ಲಿ ಗಾಳಿ ತೆಳುವಾದ್ದರಿಂದ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. ಮಂಗಳೂರಿನಲ್ಲಿ ಚುರುಕಾಗಿದ್ದ ಕಾರು ಮಡಿಕೇರಿಯಲ್ಲಿ ಮೂರನೇ ಗೇರಿನಲ್ಲಿ ಮುಗ್ಗರಿಸಿದರೆ ಅದು ದೋಷವಲ್ಲ, ಗೇರ್ ಇಳಿಸಬೇಕೆಂಬ ಸೂಚನೆ. ಆಕ್ಸಿಲರೇಟರ್ ಅದುಮಿದ ಬಳಿಕ ಒಂದು ಕ್ಷಣ ತಡವಾಗಿ ಎಳೆತ ಬರುವುದೂ ಇಂಥ ಎಂಜಿನ್ನಿನ ಸ್ವಭಾವವೇ. ಆದರೆ 2500 ಆರ್‌ಪಿಎಂ ದಾಟಿದ ಮೇಲೂ ಎಳೆತ ಬಾರದಿದ್ದರೆ ‘ಸ್ವಭಾವ’ ಎಂಬ ಸಮಾಧಾನವನ್ನು ಒಪ್ಪಬೇಕಾಗಿಲ್ಲ.

ಎಂದಿನಿಂದ ಎಂಬುದೇ ಮೊದಲ ಪ್ರಶ್ನೆ

ಕಾರು ಮೊದಲ ದಿನದಿಂದಲೇ ನಿಧಾನವೇ, ಅಥವಾ ಒಂದು ದಿನದಿಂದೀಚೆಗೆ ಹೀಗಾಯಿತೇ? ಎಷ್ಟೋ ಗೊಂದಲ ಈ ಒಂದೇ ಪ್ರಶ್ನೆಯಿಂದ ಬಗೆಹರಿಯುತ್ತದೆ. ಮೊದಲಿನಿಂದಲೂ ಹಾಗೆಯೇ ಇದ್ದರೆ ಇಕೋ ಮೋಡ್ ಚಾಲೂ ಇದೆಯೇ ಎಂದು ನೋಡಿ, ಅದೇ ಮಾದರಿಯ ಇನ್ನೊಂದು ಕಾರನ್ನು ಅದೇ ರಸ್ತೆಯಲ್ಲಿ ಓಡಿಸಿ ಹೋಲಿಸಬೇಕು. ಪ್ರದರ್ಶನ ಮಳಿಗೆಯ ಟೆಸ್ಟ್ ಡ್ರೈವ್ ಕಾರೇ ಇದಕ್ಕೆ ಸಾಕು. ಈಚಿನ ಬದಲಾವಣೆಯಾದರೆ ಆ ದಿನಗಳಲ್ಲಿ ಏನು ನಡೆಯಿತೆಂದು ನೆನಪಿಸಿಕೊಳ್ಳಬೇಕು: ಸರ್ವಿಸ್ ಆಯಿತೇ, ಹೊಸ ಬಂಕಿನಲ್ಲಿ ಇಂಧನ ತುಂಬಿಸಿದಿರೇ, ನೀರು ನಿಂತ ರಸ್ತೆ ದಾಟಿದಿರೇ, ಕಾರು ಹಲವು ದಿನ ನಿಂತಲ್ಲೇ ಇತ್ತೇ?

ಸರ್ವಿಸ್ ಆದ ಮರುದಿನವೇ ತೊಂದರೆ ಶುರುವಾಗಿದ್ದರೆ ಏರ್ ಫಿಲ್ಟರ್ ಪೆಟ್ಟಿಗೆಯನ್ನು ಮೊದಲು ತೆರೆಸಬೇಕು. ಫಿಲ್ಟರ್ ಸರಿಯಾಗಿ ಕೂರದಿರುವುದು, ಕೊಳವೆಯ ಕ್ಲಿಪ್ ಬಿಗಿಯದಿರುವುದು, ಸೆನ್ಸರಿನ ಪ್ಲಗ್ ಅರ್ಧ ಮಾತ್ರ ಸಿಕ್ಕಿಸಿರುವುದು ಅಪರೂಪವೇನಲ್ಲ. ಕಾರು ಹಲವು ದಿನ ನಿಂತಿದ್ದರೆ ಇಲಿಯನ್ನು ಮರೆಯುವಂತಿಲ್ಲ. ತೋಟದ ಮನೆಗಳ ಶೆಡ್ಡಿನಲ್ಲಿ ನಿಲ್ಲುವ ಕಾರುಗಳ ಫಿಲ್ಟರ್ ಪೆಟ್ಟಿಗೆಯಲ್ಲಿ ಒಣಹುಲ್ಲಿನ ಗೂಡು ಸಿಗುವುದುಂಟು. ಕಡಿದ ವೈರು ಅದಕ್ಕಿಂತ ಸಾಮಾನ್ಯ.

ಎಥೆನಾಲ್ ಮಿಶ್ರಿತ ಪೆಟ್ರೋಲಿನ ಮೇಲೂ ದೂರು ಕೇಳಿಬರುತ್ತಿದೆ. ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಸುಮಾರು ಮೂರನೇ ಎರಡರಷ್ಟು. ಶೇ 20ರ ಮಿಶ್ರಣದಲ್ಲಿ ಪ್ರತಿ ಲೀಟರಿನ ಶಕ್ತಿ ಶೇ 6ರಿಂದ 7ರಷ್ಟು ತಗ್ಗುತ್ತದೆ. ಎಂಜಿನ್ನಿನ ಕಂಪ್ಯೂಟರ್ ಆ ಕೊರತೆಯನ್ನು ಹೆಚ್ಚು ಇಂಧನ ಸಿಂಪಡಿಸಿ ತುಂಬಿಕೊಳ್ಳುವುದರಿಂದ ಅದರ ಪರಿಣಾಮ ಮೈಲೇಜಿನಲ್ಲಿ ಕಾಣಬೇಕೇ ಹೊರತು ಎಳೆತದಲ್ಲಲ್ಲ. ಆದರೆ ಇಂಥ ಪೆಟ್ರೋಲಿಗೆ ನೀರು ಸೇರಿದರೆ ಎಥೆನಾಲ್ ನೀರಿನೊಡನೆ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಮಳೆಗಾಲದಲ್ಲಿ ಇಂಧನ ತುಂಬಿಸಿದ ಕೂಡಲೇ ಎಂಜಿನ್ ನಡುಗತೊಡಗಿದರೆ ಇದನ್ನೇ ಮೊದಲು ಶಂಕಿಸಬೇಕು.

ಟರ್ಬೊಗೆ ಸಂಬಂಧವೇ ಇಲ್ಲದ ಕಾರಣಗಳೂ ಇವೆ. ಆರ್‌ಪಿಎಂ ಏರುತ್ತಿದ್ದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಉಳ್ಳ ಕಾರುಗಳಲ್ಲಿ ದಟ್ಟಣೆಯ ನಡುವೆ ತೆವಳಿ ಕ್ಲಚ್ ಬಿಸಿಯಾದಾಗ ಕಂಪ್ಯೂಟರ್ ತಾನೇ ಶಕ್ತಿಯನ್ನು ತಗ್ಗಿಸುವುದುಂಟು. ಸಿವಿಟಿ ಗೇರ್‌ಬಾಕ್ಸಿನಲ್ಲಿ ಮಾತ್ರ ಆರ್‌ಪಿಎಂ ಮೊದಲು ಏರುವುದು ಸಹಜ. ಬ್ರೇಕ್ ಹಿಡಿದುಕೊಂಡಿದ್ದರೆ ಸ್ವಲ್ಪ ದೂರ ಓಡಿಸಿದ ಮೇಲೆ ಒಂದು ಚಕ್ರದ ರಿಮ್ ಮಾತ್ರ ಉಳಿದವಕ್ಕಿಂತ ಹೆಚ್ಚು ಬಿಸಿಯಾಗಿರುತ್ತದೆ.

ಅಂಕಿಗಳು ಹೇಳುವ ಸತ್ಯ

ಮೇಲಿನದೇನೂ ಕಾಣದಿದ್ದಾಗ ಒತ್ತಡವನ್ನೇ ಅಳೆಯಬೇಕು. ಸ್ಟಿಯರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರ್ ದುಬಾರಿಯಲ್ಲ. ಮೊಬೈಲಿನಲ್ಲಿಯೇ ಅಂಕಿಗಳನ್ನು ಓದಬಹುದು. ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಹಾಕಿದಾಗ ಒಳಗಾಳಿಯ ಒತ್ತಡ ತೋರಿಸುವ ಮ್ಯಾಪ್ ಸೆನ್ಸರ್ ಆ ಊರಿನ ವಾಯುಭಾರವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಅದು 100 ಕಿಲೋಪ್ಯಾಸ್ಕಲ್ ಆಸುಪಾಸು, ಬೆಂಗಳೂರಿನಲ್ಲಿ 91ರ ಸುಮಾರು. ಇಲ್ಲಿಯೇ ದೊಡ್ಡ ವ್ಯತ್ಯಾಸವಿದ್ದರೆ ಸೆನ್ಸರನ್ನೇ ಶಂಕಿಸಬೇಕು.

ಬಳಿಕ ವಾಹನ ಸಂಚಾರವಿಲ್ಲದ ನೇರ ರಸ್ತೆಯಲ್ಲಿ, ವೇಗಮಿತಿಯೊಳಗೆ, ಮೂರನೇ ಗೇರಿನಲ್ಲಿ 1500ರಿಂದ ಆಕ್ಸಿಲರೇಟರ್ ಪೂರ್ತಿ ಅದುಮಿ ವೇಗ ಏರಿಸಬೇಕು. ಮೊಬೈಲ್ ಚಾಲಕನ ಕೈಯಲ್ಲಿರಕೂಡದು, ಪಕ್ಕದಲ್ಲಿ ಕುಳಿತವರ ಕೈಯಲ್ಲಿರಲಿ. ಮಾದರಿಯಿಂದ ಮಾದರಿಗೆ ವ್ಯತ್ಯಾಸವಿದ್ದರೂ ಪುಟ್ಟ ಟರ್ಬೊ ಪೆಟ್ರೋಲ್ ಎಂಜಿನ್ನಿನಲ್ಲಿ ಒತ್ತಡ ಹೊರಗಿನ ವಾಯುಭಾರವನ್ನು ಸಾಕಷ್ಟು ಮೀರಿ 150 ದಾಟಬೇಕು. ಅದು 100ರ ಸುತ್ತಲೇ ಉಳಿದರೆ ಟರ್ಬೊ ಒತ್ತಿದ ಗಾಳಿ ಎಂಜಿನ್ನಿಗೆ ತಲುಪುತ್ತಿಲ್ಲ.

ಮುಂದಿನ ಕೆಲಸ ಸರ್ವಿಸ್ ಕೇಂದ್ರದ್ದು. ಎಂಜಿನ್ನಿನ ಕಂಪ್ಯೂಟರ್ ಬಯಸಿದ ಒತ್ತಡ ಎಷ್ಟು, ವಾಸ್ತವವಾಗಿ ಸಿಕ್ಕಿದ್ದು ಎಷ್ಟು ಎಂಬ ಎರಡು ಅಂಕಿಗಳನ್ನು ಕಂಪೆನಿಯ ಸ್ಕ್ಯಾನರ್ ಅಕ್ಕಪಕ್ಕದಲ್ಲಿ ತೋರಿಸಬಲ್ಲದು. ಬಯಸಿದ್ದೇ ಕಡಿಮೆಯಿದ್ದರೆ ಕಂಪ್ಯೂಟರ್ ಯಾವುದೋ ಕಾರಣಕ್ಕೆ ಎಂಜಿನ್ನನ್ನು ಕಾಪಾಡುತ್ತಿದೆ. ಅತಿಯಾದ ಬಿಸಿಯೋ, ನಾಕಿಂಗೋ, ಸೆನ್ಸರಿನ ತಪ್ಪು ವರದಿಯೋ ಹುಡುಕಬೇಕು. ಬಯಸಿದ್ದು ಹೆಚ್ಚಿದ್ದು ಸಿಕ್ಕಿದ್ದು ಕಡಿಮೆಯಾದರೆ ಟರ್ಬೊದಿಂದ ಇಂಟರ್‌ಕೂಲರ್ ದಾಟಿ ಎಂಜಿನ್ ಸೇರುವ ಹಾದಿಯಲ್ಲಿ ಗಾಳಿ ಸೋರುತ್ತಿರಬೇಕು, ಇಲ್ಲವೇ ಹೆಚ್ಚುವರಿ ಹೊಗೆಯನ್ನು ಬಿಟ್ಟುಕೊಡುವ ವೇಸ್ಟ್‌ಗೇಟ್ ತೆರೆದೇ ಉಳಿದಿರಬೇಕು. ಸೋರಿಕೆಯಿದ್ದರೆ ವೇಗ ಏರಿಸುವಾಗ ‘ಸುಸ್’ ಎಂಬ ಸದ್ದು ಕೇಳಿಸುತ್ತದೆ. ಕೊಳವೆಯ ಕೂಡಿಕೆಯಲ್ಲಿ ಎಣ್ಣೆಯ ಪಸೆ ಕಾಣುತ್ತದೆ. ಹೊಗೆ ಹಾಯಿಸಿ ನೋಡುವ ಪರೀಕ್ಷೆಯಿಂದ ಅದು ಖಚಿತವಾಗುತ್ತದೆ. ಈ ಅಂಕಿಗಳನ್ನು ನೋಡದೆ ಟರ್ಬೊ ಬದಲಿಸಲು ಹೊರಡುವುದು ಕುರುಡಾಟ.

ಬಿಎಸ್-6 ಡೀಸೆಲ್ ಕಾರುಗಳ ಕಥೆ ಕೊಂಚ ಬೇರೆ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ತುಂಬಿದಾಗ ಕಂಪ್ಯೂಟರ್ ಶಕ್ತಿಯನ್ನು ಕಡಿತಗೊಳಿಸುತ್ತದೆ. ನಿತ್ಯ 3-4 ಕಿ.ಮೀ. ಮಾತ್ರ ಓಡುವ ಕಾರಿನಲ್ಲಿ ಇದು ಬೇಗ ಸಂಭವಿಸುತ್ತದೆ. ಎಚ್ಚರಿಕೆಯ ದೀಪ ಬೆಳಗಿದ ಕೂಡಲೇ ಕೈಪಿಡಿಯಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿದರೆ ಮಸಿ ಸುಟ್ಟುಹೋಗುತ್ತದೆ. ಅದು ಪದೇ ಪದೇ ಅರ್ಧಕ್ಕೆ ನಿಂತರೆ ಡೀಸೆಲ್ ಎಂಜಿನ್ ಎಣ್ಣೆಗೆ ಸೇರಿ ಡಿಪ್‌ಸ್ಟಿಕ್ಕಿನ ಮಟ್ಟ ಏರುತ್ತದೆ. ಎಣ್ಣೆ ಹೆಚ್ಚಾಯಿತೆಂದು ಸಂತೋಷಪಡುವ ಸಂಗತಿಯಲ್ಲ ಇದು!

ವಾರಂಟಿಯಿರುವಾಗ ಕಾಗದವೂ ಉಪಕರಣದಷ್ಟೇ ಮುಖ್ಯ. ‘ಪಿಕಪ್ ಕಡಿಮೆ’ ಎಂದು ಬಾಯಿಮಾತಿನಲ್ಲಿ ಹೇಳಿ ಬರುವುದಕ್ಕಿಂತ ಯಾವ ಗೇರ್, ಎಷ್ಟು ಆರ್‌ಪಿಎಂ, ಎಷ್ಟು ಮಂದಿ ಇದ್ದಾಗ, ಎಸಿ ಚಾಲೂ ಇತ್ತೇ ಎಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆಯಿಸಿ ಪ್ರತಿ ಪಡೆಯಬೇಕು. ತಂತ್ರಜ್ಞರನ್ನು ಜೊತೆಯಲ್ಲಿ ಕೂರಿಸಿಕೊಂಡು ಅದೇ ಏರಿನಲ್ಲಿ ಓಡಿಸಿ ತೋರಿಸಬೇಕು. ದೋಷ ಪತ್ತೆಯಾಗುವ ಮೊದಲು ಶಕ್ತಿ ಹೆಚ್ಚಿಸುವ ಟ್ಯೂನಿಂಗ್ ಪೆಟ್ಟಿಗೆ ಹಾಕಿಸಿದರೆ ವಾರಂಟಿ ನಿರಾಕರಿಸಲು ಕಂಪೆನಿಗೆ ನೀವೇ ಕಾರಣ ಒದಗಿಸಿದಂತೆ.

ಹಲವು ಭೇಟಿಗಳ ನಂತರವೂ ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗಬಹುದು. ಪಾವತಿಸಿದ ಬೆಲೆ 50 ಲಕ್ಷ ರೂಪಾಯಿ ಮೀರದ ವ್ಯವಹಾರಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ಅರ್ಜಿ ಸಲ್ಲಿಸಬೇಕು. ಅಲ್ಲಿ ಮೊದಲು ಕೇಳುವ ಸಾಕ್ಷ್ಯಗಳಲ್ಲಿ ಆ ಜಾಬ್ ಕಾರ್ಡುಗಳೂ ಸೇರಿರುತ್ತವೆ.