ನೆನಪಿನ ತಟ್ಟೆ

ಕಳೆದ ಮಳೆಗಾಲದ ಒಂದು ಬೆಳಗ್ಗೆ ನನ್ನ ಮೇಜಿನ ಮೇಲಿದ್ದ ಪುಟ್ಟ ಕರಿಯ ಪೆಟ್ಟಿಗೆಯೊಂದು ಹಲ್ಲಿ ಲೊಚಗುಟ್ಟುವಂತೆ ಸದ್ದು ಮಾಡತೊಡಗಿತು. ನಾಲ್ಕೈದು ಸಲ ಲೊಚಗುಟ್ಟಿ ಸುಮ್ಮನಾಯಿತು. ಅದರೊಳಗೆ ನನ್ನ ಒಂಬತ್ತು ವರ್ಷಗಳ ದುಡಿಮೆ ಇತ್ತು. ನಮ್ಮ ಶಾಲೆಯ ಸುತ್ತಣ ಹಳ್ಳಿಗಳಲ್ಲಿ ಹಿರಿಯ ಹೆಂಗಸರು ಹಾಡುತ್ತಿದ್ದ ಬೀಸುವ ಪದ, ಸೋಬಾನೆ ಪದ ಮುಂತಾದುವನ್ನು ಭಾನುವಾರಗಳಂದು ವಿದ್ಯಾರ್ಥಿಗಳೊಡನೆ ಹೋಗಿ ಧ್ವನಿಮುದ್ರಿಸಿ ಆ ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದೆ. ಹಾಡಿದವರಲ್ಲಿ ಮೂವರು ಈಗ ಇಲ್ಲ. ರಿಪೇರಿಯವನು ಪೆಟ್ಟಿಗೆಯನ್ನು ಕಿವಿಗೆ ಹಿಡಿದು ಕೇಳಿ, “ಮೇಷ್ಟ್ರೇ, ಹೆಡ್ಡು ತಟ್ಟೆಗೆ ತಗಲಿಬಿಟ್ಟಿದೆ. ಇನ್ನು ಇದರಿಂದ ಏನೂ ಬರೋದಿಲ್ಲ” ಎಂದ.

ಹೊಸದನ್ನು ಕೊಳ್ಳಲು ಪೇಟೆಗೆ ಹೋದೆ. “ಹೆಚ್ಚು ಹಿಡಿಸುವಂಥದು ಬೇಕು, ಆದರೆ ನಂಬಿಕೆಯದಾಗಿರಬೇಕು” ಎಂದೆ. ಅಂಗಡಿಯ ಹುಡುಗ, “ಯಾವ ಕಂಪನೀದು ಕೊಡಲಿ ಸಾರ್?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಬರಿಗೈಯಲ್ಲಿ ಹಿಂದಿರುಗಿದೆ.

ನಾನು ಕನ್ನಡ ಪಂಡಿತ. ಯಂತ್ರದ ವಿಚಾರದಲ್ಲಿ ಮಾತನಾಡಲು ಇವನಿಗೇನು ಅಧಿಕಾರವೆಂದು ವಾಚಕರು ಕೇಳಬಹುದು. ಆದರೆ ಓಲೆಯ ಪ್ರತಿಯೊಂದು ಕೈಗೆ ಬಂದರೆ ಅದು ಎಲ್ಲಿಂದ ಬಂತು, ಯಾರು ಬರೆದರು, ಎಲ್ಲೆಲ್ಲಿ ಹುಳು ತಿಂದಿದೆ ಎಂದು ಮೊದಲು ವಿಚಾರಿಸಿ, ಆಮೇಲೆ ನಂಬುವುದು ನಮಗೆ ಗುರುಗಳು ಕಲಿಸಿದ ಪಾಠ. ಅದೇ ಪಾಠವನ್ನು ಈ ಪೆಟ್ಟಿಗೆಗೂ ಅನ್ವಯಿಸಿ ಅದರ ಪೂರ್ವೋತ್ತರವನ್ನು ಓದತೊಡಗಿದೆ. ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಹಾರ್ಡ್ ಡಿಸ್ಕ್ ಎಂದರೆ ಪದಶಃ ಗಟ್ಟಿ ತಟ್ಟೆ. ಅಯಸ್ಕಾಂತದ ಗುಣವುಳ್ಳ ತೆಳುಲೇಪವಿರುವ, ಕನ್ನಡಿಯಷ್ಟು ನುಣುಪಾದ ತಟ್ಟೆಗಳು ಅದರೊಳಗೆ ಸಾಮಾನ್ಯವಾಗಿ ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಸುತ್ತು ತಿರುಗುತ್ತವೆ. ತೋಳಿನ ತುದಿಯಲ್ಲಿ ಕೂತ ಹೆಡ್ಡು ಲೇಪದ ಒಂದೊಂದು ಎಡೆಯನ್ನೂ ಈ ದಿಕ್ಕಿಗೋ ಆ ದಿಕ್ಕಿಗೋ ಕಾಂತಗೊಳಿಸಿ ಬರೆಯುತ್ತದೆ, ಮತ್ತೆ ಓದುತ್ತದೆ. ಗ್ರಾಮಫೋನಿಗೂ ಇದಕ್ಕೂ ಒಂದು ದೊಡ್ಡ ಭೇದ ಉಂಟು. ಗ್ರಾಮಫೋನಿನ ಮುಳ್ಳು ತಟ್ಟೆಯನ್ನು ಮುಟ್ಟಲೇಬೇಕು. ಇಲ್ಲಿ ಹೆಡ್ಡು ತಿರುಗುವ ತಟ್ಟೆಯನ್ನು ಮುಟ್ಟಲೇಕೂಡದು; ಮುಟ್ಟಿದರೆ ಬರಹವೆಲ್ಲ ಅಳಿಯಿತು. ಈ ಯಂತ್ರದ ಚರಿತ್ರೆಯೆಲ್ಲ ಮುಟ್ಟದೆ ಎಷ್ಟು ಹತ್ತಿರ ಹೋಗಬಹುದು ಎಂಬುದರ ಚರಿತ್ರೆ.

ಇದರ ಜನನಕ್ಕೆ ಕಾರಣರಾದವರಲ್ಲಿ ಮುಖ್ಯನು ಒಬ್ಬ ಹೈಸ್ಕೂಲು ಉಪಾಧ್ಯಾಯ ಎಂದು ತಿಳಿದಾಗ ನನಗೆ ಆದ ಸಂತೋಷವನ್ನು ಉಪಾಧ್ಯಾಯಬಂಧುಗಳು ಊಹಿಸಬಲ್ಲರು. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ರೆನಾಲ್ಡ್ ಜಾನ್ಸನ್, ಪರೀಕ್ಷೆಯ ಉತ್ತರಗಳನ್ನು ತಾನೇ ತಿದ್ದುವ ಯಂತ್ರವೊಂದನ್ನು ಕಲ್ಪಿಸಿದ. ಸೀಸದಕಡ್ಡಿಯ ಗುರುತಿನ ಮೂಲಕ ವಿದ್ಯುತ್ತು ಹರಿಯುವುದೇ ಅದರ ಗುಟ್ಟು. ಐ.ಬಿ.ಎಂ. ಸಂಸ್ಥೆ ೧೯೩೪ರಲ್ಲಿ ಅವನನ್ನು ಕೆಲಸಕ್ಕೆ ಕರೆದುಕೊಂಡಿತು. ೧೯೫೨ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ಊರಿನಲ್ಲಿ ಹೊಸ ಪ್ರಯೋಗಶಾಲೆ ತೆರೆಯಲು ಅವನನ್ನೇ ಕಳುಹಿಸಿತು. ಆ ಕಾಲದಲ್ಲಿ ಲೆಕ್ಕಪತ್ರಗಳೆಲ್ಲ ತೂತು ಹೊಡೆದ ಕಾರ್ಡುಗಳಲ್ಲಿ ಇಲ್ಲವೆ ಕಾಂತದ ನಾಡೆಯಲ್ಲಿ ಇರುತ್ತಿದ್ದುವು. ನಾಡೆಯ ನಡುವಿನ ಒಂದು ಲೆಕ್ಕ ಬೇಕಾದರೆ ಅದುವರೆಗಿನ ಸುರುಳಿಯನ್ನೆಲ್ಲ ಬಿಚ್ಚಬೇಕು. ಬೇಕಾದ ಪುಟವನ್ನು ನೇರವಾಗಿ ತೆರೆಯುವಂತಾಗಬೇಕು ಎಂಬುದು ಜಾನ್ಸನ್ನನ ಬಳಗದ ಹಂಬಲ.

ತಟ್ಟೆಗೆ ಲೇಪ ಕೊಡುವ ಬಗೆ ಬಹು ಸರಳ. ಕಬ್ಬಿಣದ ಆಕ್ಸೈಡಿನ ಬಣ್ಣವನ್ನು ಹೆಂಗಸರು ತೊಡುವ ನೈಲಾನು ಕಾಲುಚೀಲದಲ್ಲಿ ಸೋಸಿ, ತಿರುಗುವ ತಟ್ಟೆಯ ನಡುವೆ ಸುರಿದರು. ಬಣ್ಣ ತಾನೇ ಅಂಚಿನವರೆಗೂ ಸಮನಾಗಿ ಹರಡಿತು. ಹೀಗೆ ಸಿದ್ಧವಾದ ರ‍್ಯಾಮ್ಯಾಕ್ ಯಂತ್ರ ೧೯೫೬ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ೨೪ ಅಂಗುಲ ಅಡ್ಡಳತೆಯ ೫೦ ತಟ್ಟೆಗಳು ಒಂದರ ಮೇಲೊಂದು. ಅವುಗಳ ನಡುವೆ ಮೇಲೂ ಕೆಳಗೂ ಓಡಾಡುವ ಒಂದೇ ತೋಳು. ತೂಕ ಸುಮಾರು ಒಂದು ಟನ್ನು. ಇಷ್ಟೆಲ್ಲ ಇದ್ದು ಅದು ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರಗಳನ್ನು, ಎಂದರೆ ಇಂದಿನ ಲೆಕ್ಕದಲ್ಲಿ ಸುಮಾರು ೩.೭೫ ಮೆಗಾಬೈಟು. ನಾನು ಧ್ವನಿಮುದ್ರಿಸಿದ ಒಂದು ಬೀಸುವ ಪದವೂ ಅದರಲ್ಲಿ ಇಡಿಯಾಗಿ ಹಿಡಿಯುತ್ತಿರಲಿಲ್ಲ. ಇದನ್ನೊಳಗೊಂಡ ಗಣಕದ ಬಾಡಿಗೆ ತಿಂಗಳಿಗೆ ೩,೨೦೦ ಡಾಲರು.

ಅಂದು ಹೆಡ್ಡಿಗೂ ತಟ್ಟೆಗೂ ನಡುವೆ ಇದ್ದ ಅಂತರ ಸುಮಾರು ೨೦ ಮೈಕ್ರಾನು. ಗಾಳಿಯನ್ನು ಪಂಪಿನಿಂದ ಒತ್ತಿ ಆ ಅಂತರವನ್ನು ಕಾಪಾಡಬೇಕಾಗಿತ್ತು. ೧೯೬೧ರಲ್ಲಿ ಪ್ರಕಟವಾದ ೧೩೦೧ ಎಂಬ ಯಂತ್ರದಲ್ಲಿ ಪಂಪು ಹೋಯಿತು. ತಿರುಗುವ ತಟ್ಟೆಯೊಡನೆ ಸುಳಿಯುವ ಗಾಳಿಯ ಮೇಲೆಯೇ ಹೆಡ್ಡು ತೇಲಿತು. ೧೯೭೩ರಲ್ಲಿ ಬಂದ ೩೩೪೦ ಎಂಬ ಯಂತ್ರದಲ್ಲಿ ತಟ್ಟೆ, ಹೆಡ್ಡು ಎರಡನ್ನೂ ಒಂದೇ ಡಬ್ಬಿಯಲ್ಲಿ ದೂಳು ಹೋಗದಂತೆ ಮುಚ್ಚಿಟ್ಟರು. ಮೂವತ್ತು ಮೂವತ್ತು ಮೆಗಾಬೈಟಿನ ಎರಡು ಭಾಗಗಳಲ್ಲಿ ಅದನ್ನು ಮಾಡುವ ಯೋಜನೆಯಿತ್ತಾದುದರಿಂದ, ಮೂವತ್ತು-ಮೂವತ್ತರ ತೋಟಾ ಹಾಕುವ ವಿಂಚೆಸ್ಟರ್ ಬಂದೂಕಿನ ಹೆಸರನ್ನೇ ಮುಖ್ಯ ಶಿಲ್ಪಿ ಕೆನ್ ಹಾಟನ್ ಅದಕ್ಕೆ ಇಟ್ಟನು. ಇಂದು ನಮ್ಮ ಮನೆಗಳಲ್ಲಿರುವ ಹಾರ್ಡ್ ಡಿಸ್ಕುಗಳೆಲ್ಲ ಈ ವಿಂಚೆಸ್ಟರಿನ ಸಂತತಿ.

ಮುಂದಿನದು ಓಟದ ಕಥೆ. ೧೯೮೦ರಲ್ಲಿ ಸೀಗೇಟ್ ಸಂಸ್ಥೆ ಐದೂಕಾಲು ಅಂಗುಲದ ಪುಟ್ಟ ಡಿಸ್ಕಿನಲ್ಲಿ ೫ ಮೆಗಾಬೈಟು ಹಿಡಿಸಿ, ಮೇಜಿನ ಮೇಲಣ ಗಣಕಕ್ಕೆ ಅದನ್ನು ತಂದಿತು. ೧೯೮೮ರಲ್ಲಿ ಫ್ರಾನ್ಸಿನ ಆಲ್ಬೆರ್ ಫೆರ್, ಜರ್ಮನಿಯ ಪೀಟರ್ ಗ್ರೂನ್‌ಬೆರ್ಗ್ ಇಬ್ಬರೂ ಬೇರೆ ಬೇರೆಯಾಗಿ ಕಂಡುಹಿಡಿದ ಕಾಂತಪ್ರಭಾವವೊಂದು ಅತಿ ಕ್ಷೀಣವಾದ ಬರಹವನ್ನೂ ಓದುವ ಹೆಡ್ಡಿಗೆ ದಾರಿಮಾಡಿತು; ೨೦೦೭ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಜಪಾನಿನ ಶುನ್‌ಇಚಿ ಇವಾಸಕಿ ೧೯೭೦ರ ದಶಕದಲ್ಲಿ ಹೇಳಿದ ಉಪಾಯ, ಕಾಂತದ ಕಣಗಳನ್ನು ಮಲಗಿಸದೆ ನಿಲ್ಲಿಸಿ ಬರೆಯುವುದು, ೨೦೦೫ರಲ್ಲಿ ಮಾರುಕಟ್ಟೆಗೆ ಬಂತು. ೨೦೦೭ರಲ್ಲಿ ಒಂದು ಟೆರಾಬೈಟಿನ ಡಿಸ್ಕು. ೨೦೧೩ರಲ್ಲಿ ಗಾಳಿಯ ಬದಲು ಹೀಲಿಯಮ್ ತುಂಬಿದ ಆರು ಟೆರಾಬೈಟಿನದು. ೨೦೨೪ರಲ್ಲಿ ಬರೆಯುವ ಎಡೆಯನ್ನು ಲೇಸರಿನಿಂದ ಕ್ಷಣಮಾತ್ರ ಕಾಯಿಸಿ ಬರೆಯುವ ಮೂವತ್ತು ಟೆರಾಬೈಟಿನದು. ಈ ಕೊನೆಯದರಲ್ಲಿ ೮೦ ಲಕ್ಷ ರ‍್ಯಾಮ್ಯಾಕುಗಳು ಅಡಗಿವೆ. ಹೆಡ್ಡಿನ ಅಂತರವೋ ಈಗ ಕೆಲವೇ ನ್ಯಾನೊಮೀಟರು, ಎಂದರೆ ರ‍್ಯಾಮ್ಯಾಕಿನ ಅಂತರದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಮೆ.

ಇಲ್ಲಿ ನಿಂತು ಯೋಚಿಸಬೇಕು. ಸುಮಾರು ಎಪ್ಪತ್ತು ವರ್ಷಗಳಲ್ಲಿ ಸಾಮರ್ಥ್ಯ ಎಂಬತ್ತು ಲಕ್ಷ ಪಾಲು ಹೆಚ್ಚಿತು. ಬಾಳಿಕೆ ಹಾಗೆ ಹೆಚ್ಚಿತೇ? ಇಲ್ಲ. ಇಂದಿಗೂ ತಯಾರಕರು ಕೊಡುವ ಭರವಸೆ ಎರಡು, ಮೂರು, ಹೆಚ್ಚೆಂದರೆ ಐದು ವರ್ಷ. ಅದೂ ಪೆಟ್ಟಿಗೆಯ ಬೆಲೆಗೆ. ಒಳಗಿನ ಹಾಡಿಗೆ ಅಲ್ಲ.

ಆದರೆ ಡಿಸ್ಕಿನ ವಿವರಪತ್ರದಲ್ಲಿ ಸರಾಸರಿ ಹತ್ತು ಲಕ್ಷ ಗಂಟೆ ಬಾಳಿಕೆ ಎಂಬ ಮಾತು ಕಾಣುತ್ತದೆ. ಹತ್ತು ಲಕ್ಷ ಗಂಟೆ ಎಂದರೆ ೧೧೪ ವರ್ಷ! ಓದಿದವರು ಮೋಸಹೋಗುವುದು ಸಹಜ. ಅದರ ಅರ್ಥ ಒಂದು ಡಿಸ್ಕು ಅಷ್ಟು ಬಾಳುತ್ತದೆಂದಲ್ಲ; ಸಾವಿರ ಡಿಸ್ಕುಗಳನ್ನು ವರ್ಷವಿಡೀ ಓಡಿಸಿದರೆ ಒಂಬತ್ತರ ಒಳಗೆ ಕೆಟ್ಟಾವು ಎಂದು ಮಾತ್ರ. ಆ ಲೆಕ್ಕವೂ ನಿಜವೇ ಎಂದು ಬಿಯಾಂಕ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ಎಂಬ ವಿದ್ವಾಂಸರು ಸುಮಾರು ಒಂದು ಲಕ್ಷ ಡಿಸ್ಕುಗಳ ಜಾತಕ ನೋಡಿದರು. ನೂರಕ್ಕೆ ೦.೮೮ ಎಂದಿದ್ದ ಕಡೆ ವರ್ಷಕ್ಕೆ ನೂರಕ್ಕೆ ಎರಡರಿಂದ ನಾಲ್ಕು ಬದಲಾಯಿಸಬೇಕಾಗಿ ಬಂದುದು ಸಾಮಾನ್ಯವಾಗಿತ್ತು. ಕೆಲವೆಡೆ ಹದಿಮೂರರವರೆಗೂ ಏರಿತ್ತು. ಅದೇ ಸಮ್ಮೇಳನದಲ್ಲಿ ಗೂಗಲ್ ಸಂಸ್ಥೆಯವರು ತಮ್ಮ ಒಂದು ಲಕ್ಷಕ್ಕೂ ಮಿಕ್ಕ ಡಿಸ್ಕುಗಳ ಅನುಭವವನ್ನು ಒಪ್ಪಿಸಿದರು. ಡಿಸ್ಕು ತನ್ನನ್ನು ತಾನೇ ಪರೀಕ್ಷಿಸಿಕೊಂಡು ಕೊಡುವ ಎಚ್ಚರಿಕೆ ಒಂದು ಸಲ ಕಂಡರೂ ಅಪಾಯ ಬಹಳ ಹೆಚ್ಚುತ್ತದೆ ಎಂದರು. ಮುಖ್ಯವಾದ ಎಚ್ಚರಿಕೆಗಳಲ್ಲಿ ಒಂದನ್ನೂ ತೋರದೆಯೇ ಕೆಟ್ಟವು ಅರ್ಧಕ್ಕಿಂತ ಹೆಚ್ಚು ಎಂದೂ ಒಪ್ಪಿಕೊಂಡರು. ಈ ಎರಡು ಪ್ರಬಂಧಗಳನ್ನು ೨೦೦೭ರ ಫೆಬ್ರವರಿಯಲ್ಲಿ ಓದಿದುದು ಎಲ್ಲಿ? ಡಿಸ್ಕು ಹುಟ್ಟಿದ ಸ್ಯಾನ್ ಹೋಸೆಯಲ್ಲಿಯೇ.

ಹಾಗಾದರೆ ಆಯ್ಕೆ ವ್ಯರ್ಥವೇ? ಅಲ್ಲ. ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಉಗ್ರಾಣ ಸಂಸ್ಥೆ ೨೦೧೩ರಿಂದ ತನ್ನ ಡಿಸ್ಕುಗಳ ಸಾವಿನ ಲೆಕ್ಕವನ್ನು ಮಾದರಿಯ ಹೆಸರು ಸಹಿತ ಪ್ರಕಟಿಸುತ್ತ ಬಂದಿದೆ. ೨೦೨೪ರಲ್ಲಿ ಅಲ್ಲಿ ಒಟ್ಟು ಕೆಟ್ಟವು ನೂರಕ್ಕೆ ಸುಮಾರು ಒಂದೂವರೆ. ಅದನ್ನು ನೋಡಿದರೆ ಒಂದು ಮಾತು ಸ್ಪಷ್ಟ: ಒಂದೇ ಕಂಪನಿಯಲ್ಲಿ ಒಂದು ಮಾದರಿ ವರ್ಷಗಟ್ಟಲೆ ದುಡಿದರೆ, ಅದರ ತಮ್ಮನಂಥ ಇನ್ನೊಂದು ಬೇಗ ಕೈಕೊಡುತ್ತದೆ. ಆದುದರಿಂದ ಮನೆತನ ಕೇಳಿದರೆ ಸಾಲದು, ವ್ಯಕ್ತಿಯನ್ನೇ ವಿಚಾರಿಸಬೇಕು. ಮಾದರಿಯ ಸಂಖ್ಯೆ ಗುರುತಿಟ್ಟುಕೊಂಡು ಅದರ ನಡತೆ ತಿಳಿಯಬೇಕು. ಭರವಸೆಯ ಅವಧಿ ದೀರ್ಘವಾದುದನ್ನು ಕೊಳ್ಳಬೇಕು. ಕೆಲವು ಡಿಸ್ಕುಗಳಲ್ಲಿ ಬರಹದ ಸಾಲುಗಳನ್ನು ಮನೆಯ ಹೆಂಚಿನಂತೆ ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಹೊದಿಸಿರುತ್ತಾರೆ. ನಡುವಿನ ಒಂದು ಹೆಂಚು ತೆಗೆದರೆ ಸುತ್ತಲಿನವೂ ಕದಲುವಂತೆ, ಅಲ್ಲಿ ತಿದ್ದಿ ಬರೆಯುವುದು ನಿಧಾನ. ಒಮ್ಮೆ ಬರೆದು ಎತ್ತಿಡುವವರಿಗೆ ಅದು ನಡೆದೀತು. ದಿನವೂ ತಿದ್ದುವವರಿಗೆ ಒಗ್ಗದು. ಕೊಳ್ಳುವ ಮುಂಚೆ ಕೇಳಿ ತಿಳಿಯಬೇಕು. ಒಂದು ಟೆರಾಬೈಟು ಕೊಂಡರೆ ಗಣಕ ೯೩೧ ಗಿಗಾಬೈಟು ಎಂದು ತೋರಿಸಬಹುದು. ಇದು ಅಂಗಡಿಯವನ ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸಿದುದನ್ನು ಗಣಕ ೧,೦೨೪ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೆ. ತಂದ ಮೇಲೆ ಇಡೀ ಡಿಸ್ಕನ್ನು ಒಮ್ಮೆ ತುಂಬಿ, ಒಮ್ಮೆ ಓದಿಸಿ ಪರೀಕ್ಷಿಸಿದ ನಂತರವೇ ಅಮೂಲ್ಯವಾದುದನ್ನು ಅದಕ್ಕೆ ಒಪ್ಪಿಸಬೇಕು.

ಇಷ್ಟೆಲ್ಲ ಮಾಡಿದರೂ ಒಂದು ಡಿಸ್ಕು ಒಂದೇ ಡಿಸ್ಕು. ಎರಡು ಮೂರು ಡಿಸ್ಕುಗಳನ್ನು ಜೋಡಿಸಿ, ಒಂದು ಕೆಟ್ಟರೆ ಇನ್ನೊಂದು ನಡೆಸುವಂತೆ ಮಾಡುವ ಪದ್ಧತಿಗೆ ರೇಡ್ ಎಂದು ಹೆಸರು. ಬರ್ಕ್‌ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ೧೯೮೮ರಲ್ಲಿ ಆ ಹೆಸರಿಟ್ಟರು. ಒಳ್ಳೆಯದೇ. ಆದರೆ ಸಿಡಿಲು ಬಡಿದರೆ, ಕಳ್ಳ ಹೊಕ್ಕರೆ, ನಾವೇ ತಪ್ಪಿ ಅಳಿಸಿದರೆ ಜೋಡಿಯಲ್ಲಿ ಎಲ್ಲವೂ ಒಟ್ಟಿಗೇ ಹೋಗುತ್ತವೆ. ಅದಕ್ಕಾಗಿ ಬಲ್ಲವರು ಹೇಳುವ ಸೂತ್ರ ಮೂರು-ಎರಡು-ಒಂದು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ.

ಈ ಸೂತ್ರ ಓದಿದಾಗ ನನಗೆ ಅತ್ತಿಮಬ್ಬೆ ನೆನಪಾದಳು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ ಪೊನ್ನನಿಂದ ‘ಶಾಂತಿಪುರಾಣ’ವನ್ನು ಬರೆಯಿಸಿದವರು ಅವಳ ತಂದೆ ಮಲ್ಲಪ ಮತ್ತು ಅವನ ಸೋದರ ಪುನ್ನಮಯ್ಯ. ಆ ಕಾವ್ಯ ಅಳಿಯಬಾರದೆಂದು ದಾನಚಿಂತಾಮಣಿ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಚರಿತ್ರೆ ಹೇಳುತ್ತದೆ. ‘ಶಾಂತಿಪುರಾಣ’ ಇಂದಿಗೂ ನಮ್ಮ ಕೈಯಲ್ಲಿದೆ. ಅದೇ ಪೊನ್ನನ ‘ಭುವನೈಕರಾಮಾಭ್ಯುದಯ’ ಹೆಸರಿಗೆ ಮಾತ್ರ ಉಳಿದಿದೆ. ಸಾವಿರ ಪ್ರತಿಯೇ ಕಾರಣವೆಂದು ಪ್ರಮಾಣ ಕೊಟ್ಟು ಹೇಳಲಾರೆ. ಆದರೆ ತಾಳೆಗರಿಯ ಗುಣವನ್ನೇ ನೆಚ್ಚಿ ಅವಳು ಕೂರಲಿಲ್ಲ ಎಂಬುದಂತೂ ನಿಜ. ನಮ್ಮ ಲಿಪಿಕಾರರಾದರೋ ಮೂವತ್ತೆರಡು ಅಕ್ಷರಕ್ಕೆ ಒಂದು ಗ್ರಂಥವೆಂದು ಎಣಿಸಿ ಕೊನೆಗೆ ಒಟ್ಟು ಗ್ರಂಥಸಂಖ್ಯೆಯನ್ನು ಬರೆಯುವ ರೂಢಿಯಿತ್ತು. ಪ್ರತಿ ಮಾಡುವಾಗ ಏನಾದರೂ ಬಿಟ್ಟುಹೋಗಿದ್ದರೆ ಸಂಖ್ಯೆ ಹೇಳುತ್ತಿತ್ತು. ಈಗಿನ ಗಣಕವೂ ಕಡತಕ್ಕೊಂದು ಮೊತ್ತ ಕಟ್ಟಿ, ಪ್ರತಿಯ ಮೊತ್ತದೊಡನೆ ಹೋಲಿಸಿ ನೋಡಬಲ್ಲುದು. ವರ್ಷಕ್ಕೊಮ್ಮೆಯಾದರೂ ಹಾಗೆ ನೋಡಬೇಕು. ಐದಾರು ವರ್ಷಕ್ಕೊಮ್ಮೆ ಹಳೆಯ ಡಿಸ್ಕಿನಿಂದ ಹೊಸದಕ್ಕೆ ಇಳಿಸಬೇಕು. ಓಲೆ ಜೀರ್ಣವಾಗುವ ಮುಂಚೆ ಹೊಸ ಓಲೆಗೆ ಇಳಿಸುತ್ತಿದ್ದುದೂ ಇದೇ ಕೆಲಸ.

ನನ್ನ ಸಂಗತಿ ಹೇಳಿ ಮುಗಿಸುತ್ತೇನೆ. ವಿಷಯ ತಿಳಿದು ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಶಾಲೆಯ ವಾರ್ಷಿಕೋತ್ಸವಕ್ಕೆ ಕಲಿಯಲೆಂದು ಹನ್ನೊಂದು ಹಾಡುಗಳನ್ನು ಅವಳು ಎಂದೋ ಪೆನ್‌ಡ್ರೈವಿಗೆ ಹಾಕಿಕೊಂಡಿದ್ದಳಂತೆ. “ನಿಮ್ಮನ್ನು ಕೇಳದೆ ತೆಗೆದುಕೊಂಡಿದ್ದೆ ಸಾರ್, ಬೈಬೇಡಿ” ಎಂದಳು. ಬೀಸುವ ಕಲ್ಲಿನ ಸದ್ದಿನ ನಡುವೆ ತೀರಿಕೊಂಡ ಅಜ್ಜಿಯ ದನಿ ಮತ್ತೆ ಕೇಳಿಸಿತು. ಉಳಿದ ನಾನೂರಕ್ಕೂ ಹೆಚ್ಚು ಹಾಡುಗಳಲ್ಲಿ ಕೆಲವನ್ನು, ಹಾಡಿದವರು ಇನ್ನೂ ಇರುವ ಕಡೆ, ಹೊಸದಾಗಿ ಮುದ್ರಿಸಿಕೊಳ್ಳುತ್ತಿದ್ದೇವೆ. ಮಿಕ್ಕವು ಹೋದುವು.

ಮತ್ತೆ ಅಂಗಡಿಗೆ ಹೋದೆ. “ಯಾವ ಕಂಪನೀದು ಸಾರ್?” ಎಂದ ಹುಡುಗ. ಚೀಟಿಯಲ್ಲಿ ಬರೆದುಕೊಂಡಿದ್ದ ಎರಡು ಬೇರೆ ಕಂಪನಿಗಳ ಮಾದರಿಸಂಖ್ಯೆಗಳನ್ನು ತೋರಿಸಿ, “ಒಂದೊಂದು ಕೊಡಪ್ಪ” ಎಂದೆ. ಒಂದು ಮನೆಯಲ್ಲಿದೆ, ಒಂದು ಶಾಲೆಯ ಬೀರುವಿನಲ್ಲಿದೆ. ಮೂರನೆಯ ಪ್ರತಿಯನ್ನು ಆ ಹುಡುಗಿ ಪೆನ್‌ಡ್ರೈವಿನಲ್ಲಿ ತನ್ನ ಊರಿಗೆ ಒಯ್ದಳು. ಈ ಸಲ ನಾನೇ ಕೊಟ್ಟು ಕಳುಹಿಸಿದೆ.