ದಪ್ಪ ಮೈ, ಕರಗುವ ಸ್ನಾಯು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಜಡ್ಡು ಜೋರಾದರೆ ಬೆಳಗಾವಿಗೆ, ಇಲ್ಲವೇ ಮಿರಜಕ್ಕೆ ಓಡ್ತೀವಿ. ಐಸಿಯು ಹೊರಗೆ ಕೂತಾಗ ನಾನು ಕೇಳಿದ ಮಾತು: “ಮೈ ದಪ್ಪ ಐತಿ, ನಾಕು ದಿನ ಉಣ್ಣದಿದ್ರ ಏನಾಗತೈತಿ?”

ಆಗೋದು ಬಹಳ ಐತಿ. ಕೊಬ್ಬು ಶಕ್ತಿಯ ಕಣಜ. ಪ್ರೋಟೀನಿಗೆ ಅಂಥ ಕಣಜ ಇಲ್ಲ. ತೀವ್ರ ಕಾಯಿಲೆಯಲ್ಲಿ ದೇಹ ಸ್ನಾಯುವನ್ನೇ ಒಡೆದು ಬಳಸುತ್ತದೆ, ಉಸಿರಾಟದ ಸ್ನಾಯುವನ್ನೂ ಬಿಡೋದಿಲ್ಲ.

ವೈದ್ಯರಿಗೂ ಇದು ನಿಧಾನಕ್ಕೆ ತಿಳಿದದ್ದು. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್ಲಿ ಡುಡ್ರಿಕ್ ರಕ್ತನಾಳದ ಮೂಲಕವೇ ಪೂರ್ತಿ ಆಹಾರ ಕೊಡಬಹುದೆಂದು ತೋರಿಸಿದರು. 1986ರಲ್ಲಿ ರೋಲಂಡ್ ಡಿಕರ್ಸನ್ ತಂಡ ಸ್ಥೂಲಕಾಯದ 13 ರೋಗಿಗಳಿಗೆ ಕ್ಯಾಲೊರಿ ಕಡಿಮೆ, ಪ್ರೋಟೀನ್ ಹೆಚ್ಚು ಕೊಟ್ಟು ನೋಡಿತು. ಕೊಬ್ಬು ಕರಗಿದರೂ ಪ್ರೋಟೀನ್ ಉಳಿಯಿತು. 2016ರ ಅಮೆರಿಕದ ಮಾರ್ಗಸೂಚಿ, ಬಿಎಂಐ 30ರಿಂದ 40 ಇದ್ದವರಿಗೆ ಆದರ್ಶ ತೂಕದ ಕೆಜಿಗೆ ದಿನಕ್ಕೆ 2 ಗ್ರಾಂ ಅಂದಿತು. ಅಂದರೆ 100 ಕೆಜಿ ತೂಗುವವರ ಆದರ್ಶ ತೂಕ 60 ಕೆಜಿ ಆಗಿದ್ದರೆ 120 ಗ್ರಾಂ.

ಆದರೆ ಹೆಚ್ಚು ಕೊಟ್ಟಷ್ಟೂ ಒಳ್ಳೇದು ಅಂತಲ್ಲ. 2023ರಲ್ಲಿ ಪ್ರಕಟವಾದ, ಐಸಿಯು ರೋಗಿಗಳ 16 ದೇಶಗಳ ಅಧ್ಯಯನದಲ್ಲಿ ಹೆಚ್ಚು ಪ್ರೋಟೀನಿನಿಂದ ರೋಗಿಗಳು ಬೇಗ ಮನೆಗೆ ಹೋಗಲಿಲ್ಲ. ಕಿಡ್ನಿಗೆ ಪೆಟ್ಟಾದವರಿಗೆ ಹಾನಿಯ ಸುಳಿವೂ ಸಿಕ್ಕಿತು.

ಹಂಗಾಗಿ ನಳಿಗೆಯಲ್ಲಿ ನಾವೇ ಏನೂ ಹಾಕೋದು ಬೇಡ. ಡಾಕ್ಟರಿಗೆ ಎರಡು ಪ್ರಶ್ನೆ ಕೇಳೋಣ: ಪ್ರೋಟೀನ್ ಎಷ್ಟು ಹೋಗ್ತಿದೆ? ಕಿಡ್ನಿ ಹೇಗಿದೆ?